ನೆಗೆಣ್ಣಿ ತಂದ ಹಾವು

ನನ್ನ ಮೈದುನನಿಗೆ ಹೆಣ್ಣು ನೋಡಲು ನಾವು ಸೊಲ್ಲಾಪುರಕ್ಕೆ ಹೋಗಿದ್ದೆವು. ಹುಡುಗಿಯ ತಂದೆಯದು ಚಾದರ, ಟವೆಲ್‌ಗಳ ದೊಡ್ಡ ವ್ಯಾಪಾರ. ಚಹಾ ಕುಡಿದಾದ ಮೇಲೆ ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿರಿಯರು ಅವರಿಬ್ಬರನ್ನು ಒಳಕೋಣೆಗೆ ಕಳಿಸಿದರು. ಮೈದುನ ಹೊರಗೆ ಬಂದಾಗ ಅವನ ಮುಖ ಸ್ವಲ್ಪ ಬಿಳಿಚಿತ್ತು. ಕಾರಿನಲ್ಲಿ ಅತ್ತೆ ವಿಚಾರಿಸಿದರು. ಹುಡುಗಿ ಚೊಲೊ ಇದ್ದಾಳೆ, ನನಗೆ ಒಪ್ಪಿಗೆ ಎಂದ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, ಆಕೆ ಒಂದು ಪ್ರಾಣಿ ಸಾಕಿದ್ದಾಳಂತೆ, ಲಗ್ನವಾದ ಮೇಲೆ ಅದನ್ನೂ ಕರಕೊಂಡು ಬರುತ್ತಾಳಂತೆ ಎಂದ. ನಾಯಿಯಾದರೆ ಅಂಗಳದಲ್ಲಿ ಕಟ್ಟೋಣ, ಬೆಕ್ಕಾದರೆ ಒಳಗೆ ಇರಲಿ ಎಂದು ಅತ್ತೆ ಅಲ್ಲೇ ತೀರ್ಮಾನಿಸಿಬಿಟ್ಟರು. ಅವನು ಹೊರಗಿನ ಕಬ್ಬಿನ ಹೊಲಗಳನ್ನು ನೋಡುತ್ತ ಕುಳಿತ.

ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ, ಕುರನೂರ ಡ್ಯಾಮಿನ ಹತ್ತಿರ. ಮಾವ ಮತ್ತು ನನ್ನ ಗಂಡ ಹೊಲ ನೋಡುತ್ತಾರೆ. ಮೈದುನ ಅಕ್ಕಲಕೋಟದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದಾನೆ. ಹುಡುಗಿ ಸಾಕಿದ್ದು ಹಾವು ಎಂಬುದನ್ನು ಅವನು ಲಗ್ನಕ್ಕೆ ಸ್ವಲ್ಪ ಮುಂಚೆ ನನ್ನ ಗಂಡನಿಗೆ ಹೇಳಿದನಂತೆ. ನನ್ನ ಗಂಡ ಅದನ್ನು ನನಗೆ ಹೇಳಿದರು. ಅತ್ತೆಗೆ ಹೇಳುವ ಧೈರ್ಯ ಮಾತ್ರ ಮೂವರಿಗೂ ಬರಲಿಲ್ಲ. ಹೀಗಾಗಿ ಸೊಸೆ ಮನೆ ತುಂಬುವ ದಿನ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, ಹಿಂದೆ ಬಂದ ಟೆಂಪೋದಿಂದ ಕಪಾಟು, ಒಂದು ಸಣ್ಣ ಫ್ರಿಜ್, ಆಮೇಲೆ ಒಂದು ಗಾಜಿನ ಪೆಟ್ಟಿಗೆ ಇಳಿದವು. ಪೆಟ್ಟಿಗೆಯೊಳಗೆ ನನ್ನ ಮುಂಗೈಯಷ್ಟು ದಪ್ಪದ, ಕಂದು ಮೈಮೇಲೆ ಕಪ್ಪು ಮಚ್ಚೆಗಳ ಹಾವೊಂದು ಸುತ್ತಿಕೊಂಡು ಮಲಗಿತ್ತು.

ಅಂಗಳದಲ್ಲಿದ್ದ ಹೆಣ್ಣುಮಕ್ಕಳೆಲ್ಲ ಹಿಂದೆ ಸರಿದರು. ಅತ್ತೆ ಸರಿಯಲಿಲ್ಲ. ತಟ್ಟೆ ಹಿಡಿದೇ ಬಗ್ಗಿ ಗಾಜಿನೊಳಗೆ ನೋಡಿ ಕೇಳಿದರು:

"ಇದಕ್ಕೂ ಆರತಿ ಮಾಡಬೇಕೇನು?"

ಹೊಸ ಸೊಸೆ, ನನ್ನ ನೆಗೆಣ್ಣಿ, ನಕ್ಕುಬಿಟ್ಟಳು. ಅವಳ ಆ ನಗೆಯೇ ನನಗೆ ಮೊದಲು ಹಿಡಿಸಿದ್ದು. ತಲೆ ತಗ್ಗಿಸಿ ನಿಂತವಳು ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

ಆ ಸಂಜೆ ಅವಳು ನಮಗೆಲ್ಲ ಸಮಜಾಯಿಸಿ ಹೇಳಿದಳು. ಅದು ಆಫ್ರಿಕಾದ ಜಾತಿ, ಹೆಬ್ಬಾವಿನ ಸಣ್ಣ ತಂಗಿಯಂಥದ್ದು. ವಿಷವಿಲ್ಲ. ಇಲ್ಲಿಯ ಹಾವನ್ನು ಸಾಕುವುದು ಕಾಯ್ದೆಗೆ ವಿರುದ್ಧ. ಇದು ಹೊರದೇಶದ್ದಾದ್ದರಿಂದ ಅವಳ ತಂದೆ ಸರ್ಕಾರಕ್ಕೆ ಅರ್ಜಿ ಕೊಟ್ಟು ಪರವಾನಗಿಯನ್ನೂ ಮಾಡಿಸಿದ್ದರು. ಅದು ತಿನ್ನುವುದು ಇಲಿಯನ್ನು, ಅದೂ ಸೊಲ್ಲಾಪುರದಿಂದ ತಂದು ಬರ್ಫದಲ್ಲಿಟ್ಟ ಇಲಿಯನ್ನು ಬೆಚ್ಚಗೆ ಮಾಡಿ ಕೊಡಬೇಕು. ಸಣ್ಣ ಫ್ರಿಜ್ ಯಾಕೆ ಬಂತೆಂದು ನನಗಾಗ ತಿಳಿಯಿತು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಅತ್ತೆ ಒಂದೇ ಷರತ್ತು ಹಾಕಿದರು. ಹಾವು, ಫ್ರಿಜ್, ಇಲಿ ಮೂರೂ ಮಾಳಿಗೆಯ ಕೋಣೆಯಲ್ಲೇ ಇರಬೇಕು, ಒಂದೂ ಮೆಟ್ಟಿಲಿಳಿದು ಅಡುಗೆಮನೆಯ ಕಡೆ ಬರಬಾರದು. ಜೋಳದ ಕೋಣೆಯಲ್ಲಿ ಬೇಕಾದಷ್ಟು ಇಲಿ ಇವೆ, ದುಡ್ಡು ಕೊಟ್ಟು ಯಾಕೆ ತರುವುದು ಎಂದು ಮಾವ ಕೇಳಿದರು. ಹೊಲದ ಇಲಿಯಿಂದ ರೋಗ ಬರುತ್ತದೆ ಎಂದು ಅವಳು ಹೇಳಿದ್ದಕ್ಕೆ, ನಮ್ಮ ಇಲಿಗಳಿಗೆ ಇಷ್ಟು ಹೆಸರು ಕೆಟ್ಟಿದೆ ಎಂದು ಗೊತ್ತಿರಲಿಲ್ಲ ಎಂದು ನಕ್ಕರು.

ಅವಳು ತವರಿನ ಅಂಗಡಿಯ ಗಿರಾಕಿಗಳನ್ನು ಫೋನಿನಲ್ಲೇ ನೋಡಿಕೊಳ್ಳುತ್ತಿದ್ದಳು. ಮಾಳಿಗೆಯ ಕೋಣೆಯಲ್ಲಿ ಹಾವನ್ನು ಕೊರಳಿಗೆ ಹಾಕಿಕೊಂಡು, ಫೋನು ಕಿವಿಗೆ ಹಿಡಿದು, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಟವೆಲ್ ಮಾರುತ್ತಿದ್ದಳು. ಮಾತು ಮುಗಿದ ಮೇಲೆ ಹಾವಿನ ತಲೆ ಸವರಿ, ಮಗುವನ್ನು ಕರೆಯುವಂತೆ ಮರಾಠಿಯಲ್ಲಿ 'ಬಾಳಾ' ಎಂದು ಕರೆಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಮಾತಾಡಿ ಇಳಿದುಬಿಡುತ್ತಿದ್ದೆ. ನನಗೆ ಹಾವೆಂದರೆ ಅಂಜಿಕೆ. ಹೊಲದಲ್ಲಿ ಹಾವು ಕಂಡರೆ ನಾವು ನಿಂತು ಅದಕ್ಕೆ ದಾರಿ ಬಿಡುತ್ತೇವೆ, ಕೈ ಮುಗಿಯುತ್ತೇವೆ. ಅದನ್ನು ಎತ್ತಿ ಮುದ್ದು ಮಾಡಬಹುದು ಎಂದು ನಮ್ಮ ಕಡೆ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಅತ್ತೆ ಮಾತ್ರ ದಿನಾ ಮಾಳಿಗೆ ಹತ್ತಿ ಹೋಗಿ ನೋಡತೊಡಗಿದರು. ಒಂದು ದಿನ ಒಣಗಲು ಹಾಕಿದ ಮೆಣಸಿನಕಾಯಿ ತಿರುವಲು ನಾನೂ ಹೋಗಿದ್ದೆ. ಅತ್ತೆ ಹೊಸ್ತಿಲ ಮೇಲೆ ಕುಳಿತು ಬಹಳ ಹೊತ್ತು ನೋಡಿ, "ಯವ್ವಾ, ಹಿಂಗ ಹಿಡಕೊಂಡ್ರ ಅದಕ್ಕ ಸೇರ್ತದೇನು?" ಎಂದು ಕೇಳಿದರು.

ಬಹಳ ಸೇರುತ್ತದೆ, ನನ್ನ ಗುರುತು ಹಿಡಿಯುತ್ತದೆ ಎಂದಳು ಅವಳು. ಅದು ಹೇಗೆ ಗೊತ್ತಾಯಿತು ಎಂದು ಅತ್ತೆ ಬಿಡಲಿಲ್ಲ. ಅವಳು ಸ್ವಲ್ಪ ಯೋಚಿಸಿ, "ಸೇರದಿದ್ರ ಬಿಡಿಸ್ಕೊಂಡು ಓಡಿಹೋಗ್ತಿತ್ತಲ್ರಿ" ಎಂದಳು.

"ಓಡಿಹೋಗದವ್ರಿಗೆಲ್ಲ ಸೇರ್ತದಂತೇನು? ನಿಮ್ಮ ಮಾವನ ಮನಿ ಬಿಟ್ಟು ನಾನೂ ಓಡಿಹೋಗಿಲ್ಲ."

ಕೆಳಗೆ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಮಾವ, ಮ್ಯಾಲೆ ನನ್ನ ಹೆಸರು ಯಾಕೆ ಬಂತು ಎಂದು ಕೂಗಿ ಕೇಳಿದರು. ನಾವು ಮೂವರೂ ನಕ್ಕೆವು. ಅತ್ತೆ ತಮ್ಮ ಮಾತನ್ನು ಬಿಡಿಸಿ ಹೇಳಿದರು. ಆಕಳಿಗೆ ಕೊರಳು ತುರಿಸಿಕೊಳ್ಳಬೇಕೆನಿಸಿದರೆ ತಾನೇ ಬಂದು ಕೊರಳು ಚಾಚುತ್ತದೆ, ಕೈ ತೆಗೆದರೆ ತಲೆಯಿಂದ ತಿವಿಯುತ್ತದೆ. ಇದು ಹಾಗೇನೂ ಮಾಡುವುದಿಲ್ಲ, ಸುಮ್ಮನಿರುತ್ತದೆ ಅಷ್ಟೇ. ಹಾವು ಆಕಳಲ್ಲ, ಅದರ ಪ್ರೀತಿಯ ರೀತಿಯೇ ಬೇರೆ ಎಂದು ಸೊಸೆ ವಾದಿಸಿದಳು. ಆ ದಿನ ಶುರುವಾದ ಈ ವಾದ ತಿಂಗಳುಗಟ್ಟಲೆ ನಡೆಯಿತು. ಅತ್ತೆ ಸೊಸೆ ಬೇರೆ ಯಾವುದಕ್ಕೂ ಜಗಳವಾಡಲಿಲ್ಲ. ಎಲ್ಲ ಜಗಳವನ್ನೂ ಹಾವಿನ ಮೇಲೇ ತೀರಿಸಿಕೊಳ್ಳುತ್ತಿದ್ದರು ಎಂದು ನನ್ನ ಗಂಡ ಹೇಳುತ್ತಿದ್ದರು.

ಶ್ರಾವಣದಲ್ಲಿ ಪಂಚಮಿ ಬಂತು. ಮಣ್ಣಿನ ನಾಗಪ್ಪನಿಗೆ ಹಾಲೆರೆದು ಬಂದ ಓಣಿಯ ಹೆಂಗಸರಿಗೆ, ನಮ್ಮ ಮನೆಯಲ್ಲಿ ಜೀವಂತ ನಾಗಪ್ಪನೇ ಇರುವಾಗ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅರಿಶಿನ, ಕುಂಕುಮ, ಹಾಲಿನ ಗಿಂಡಿ ಹಿಡಿದು ಎಲ್ಲರೂ ಮಾಳಿಗೆ ಹತ್ತಿದರು. ಇದು ಹಾಲು ಕುಡಿಯುವುದಿಲ್ಲ, ಕುಂಕುಮ ಹಚ್ಚಿದರೆ ಚರ್ಮ ಕೆಡುತ್ತದೆ ಎಂದು ನೆಗೆಣ್ಣಿ ಸಮಾಧಾನವಾಗಿ ಹೇಳಿದಳು. ಅವರಿಗೆ ಬೇಸರವಾಗಬಾರದೆಂದು ಹಾವನ್ನು ಕೈಯಲ್ಲಿ ಹಿಡಿದು ತೋರಿಸಿದಳು. ಅಷ್ಟು ಜನರ ಗದ್ದಲಕ್ಕೆ ಅದು ತಲೆಯನ್ನು ಮೈಯೊಳಗೆ ಅಡಗಿಸಿ ಚೆಂಡಿನಂತೆ ಸುತ್ತಿಕೊಂಡಿತು. ಇದಕ್ಕೆ ನಾಚಿಕೆ ಎಂದು ಅವಳು ನಗುತ್ತ ಹೇಳಿದಳು. ಅದು ನಾಚಿಕೆಯಲ್ಲ, ಅಂಜಿಕೆ ಎಂದು ಅತ್ತೆ ಎಲ್ಲರನ್ನೂ ಕೆಳಗಿಳಿಸಿ, ಹಾಲನ್ನು ನಮ್ಮ ಚಹಾಕ್ಕೆ ಹಾಕಿಸಿದರು.

ದೀಪಾವಳಿ ಮುಗಿದು ಚಳಿ ಶುರುವಾದ ಮೇಲೆ ಈ ವಾದಕ್ಕೆ ಒಂದು ಕೊನೆ ಕಾಣಿಸಬೇಕೆಂದು ಮಾವನೇ ಮುಂದಾದರು. ಒಂದು ರವಿವಾರ ಬಿಸಿಲೇರಿದ ಮೇಲೆ ಮಾಳಿಗೆಯ ಮೇಲೆ ಜಮಖಾನ ಹಾಸಿಸಿದರು. ನಡುವೆ ಹಾವನ್ನು ಬಿಡುವುದು, ಸುತ್ತಲೂ ಎಲ್ಲರೂ ಕೂಡುವುದು, ಅದು ಯಾರ ಕಡೆ ಹೋಗುತ್ತದೋ ನೋಡುವುದು. ಸೊಸೆ ಒಂದು ಕಡೆ ಕುಳಿತಳು, ಅವಳ ಎದುರಿಗೆ ಮಾವ ಕಂಬಳಿ ಹೊದ್ದು ಕುಳಿತರು. ನನ್ನ ಗಂಡ, ಮೈದುನ ಅಕ್ಕಪಕ್ಕ. ನಾನು ಮೆಟ್ಟಿಲ ಹತ್ತಿರ, ಬೇಕಾದರೆ ಇಳಿದು ಓಡಲು ಅನುಕೂಲವಾಗುವಂತೆ. ಅತ್ತೆ ತೀರ್ಪುಗಾರರು. ಯಾರೂ ಕರೆಯುವಂತಿಲ್ಲ, ಕೈ ಚಾಚುವಂತಿಲ್ಲ.

ಹಾವು ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನಾಲಿಗೆ ಚಾಚುತ್ತ ತಲೆ ಎತ್ತಿ ಎಲ್ಲ ಕಡೆ ನೋಡಿತು. ಮೊದಲು ತನ್ನ ಒಡತಿಯ ಕಡೆ ಹೊರಟಿತು. ಅವಳ ಮುಖ ಅರಳಿತು. ಅವಳ ಮೊಣಕಾಲಿನ ತನಕ ಹೋಗಿ, ಅಲ್ಲಿಂದ ತಿರುಗಿ, ಮಾವನ ಕಂಬಳಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿ, ಅದನ್ನೂ ಬಿಟ್ಟು, ಮೂಲೆಯಲ್ಲಿ ಮಡಚಿಟ್ಟಿದ್ದ ಸೊಲ್ಲಾಪುರ ಚಾದರದ ಮಡಿಕೆಯೊಳಗೆ ನಿಧಾನವಾಗಿ ನುಸುಳಿತು. ಬಾಲದ ತುದಿಯೂ ಕಾಣದಂತೆ ಒಳಗೆ ಸೇರಿಕೊಂಡಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾದರವನ್ನು ಬೀಗರ ಅಂಗಡಿಯಿಂದಲೇ ತಂದದ್ದು, ಹಾವು ಮಾಲಿನ ಗುಣ ನೋಡಿ ಆರಿಸಿದೆ ಎಂದರು ಮಾವ. ಅವಳೂ ನಕ್ಕಳು. ಆದರೆ ಹಾವನ್ನು ಚಾದರದಿಂದ ಬಿಡಿಸಿ ಒಳಗೆ ಒಯ್ದವಳು ಹೊರಗೆ ಬರಲಿಲ್ಲ. ಊಟಕ್ಕೆ ಕರೆಯಲು ನಾನು ಹೋದಾಗ ಮಂಚದ ಅಂಚಿಗೆ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು. ತಮಾಷೆಗೆ ಮಾಡಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.

"ಅಕ್ಕಾ, ನನ್ನ ತವರಮನಿಯಿಂದ ನನ್ನ ಜೋಡಿ ಬಂದ ಜೀವ ಅದೊಂದ. ಅದಕ್ಕೂ ನಾ ಯಾರಂತ ಗೊತ್ತಿಲ್ಲಂದ್ರ ಹೆಂಗ ಹೇಳ್ರಿ?"

ನಾನು ಮದುವೆಯಾಗಿ ಬಂದ ಹೊಸತರಲ್ಲಿ ತವರಿನಿಂದ ತಂದ ಒಂದು ಹಿತ್ತಾಳೆ ತಂಬಿಗೆಯಲ್ಲೇ ನೀರು ಕುಡಿಯುತ್ತಿದ್ದುದು ನೆನಪಾಯಿತು. ಅದನ್ನೇ ಅವಳಿಗೆ ಹೇಳಿದೆ. ತಂಬಿಗೆಗೆ ನಾನು ಯಾರೆಂದು ಗೊತ್ತಿತ್ತೇ ಎಂದು ಅವಳು ಕೇಳಿ, ಅಳುತ್ತಲೇ ಮತ್ತೆ ನಕ್ಕಳು. ಹಾವು ಹಿಡಿಯುವುದನ್ನು ನನಗೂ ಕಲಿಸು ಎಂದೆ, ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಇವತ್ತು ಬೇಡ, ಅದಕ್ಕೆ ಬಹಳ ತ್ರಾಸ ಆಗಿದೆ ಎಂದಳು. ಒಳಗೊಳಗೆ ನನಗೆ ಸಮಾಧಾನವೇ ಆಯಿತು.

ಆ ವಾರದಿಂದಲೇ ಹಾವು ಉಣ್ಣುವುದನ್ನು ಬಿಟ್ಟಿತು. ಇಲಿಯನ್ನು ಬೆಚ್ಚಗೆ ಮಾಡಿ ಚಿಮಟದಲ್ಲಿ ಹಿಡಿದು ಎದುರಿಗೆ ಆಡಿಸಿದರೆ ಮುಖ ತಿರುಗಿಸುತ್ತಿತ್ತು. ಮುಂದಿನ ವಾರವೂ ಅಷ್ಟೇ. ಅವಳಿಗೆ ಜೀವ ನಿಲ್ಲಲಿಲ್ಲ. ಹೊತ್ತು ಹೊತ್ತಿಗೆ ಹೊರಗೆ ತೆಗೆದು ಹೊಟ್ಟೆ ಮುಟ್ಟಿ ನೋಡುವಳು, ಎದೆಗೆ ಅವಚಿಕೊಂಡು ಕೂಡುವಳು. ಮಾಳಿಗೆಯ ಆಟದಿಂದಲೇ ಹೀಗಾಯಿತೇನೋ ಎಂದು ಮಾವ ಮುಖ ಸಣ್ಣದು ಮಾಡಿಕೊಂಡು ಓಡಾಡಿದರು. ಕೊನೆಗೆ ಸೊಲ್ಲಾಪುರದ ಡಾಕ್ಟರರಿಗೆ ತೋರಿಸುವುದೆಂದು ನಿಶ್ಚಯವಾಯಿತು. ಮೈದುನನ ಅಂಗಡಿಯ ಗಾಡಿಯಲ್ಲಿ ಅವನು, ಅವಳು, ನಾನು ಹೊರಟೆವು. ಹಾವನ್ನು ದಿಂಬಿನ ಚೀಲದಲ್ಲಿಟ್ಟು ಬಾಯಿ ಕಟ್ಟಿದ್ದಳು. ಚೀಲ ಇಡಲು ಅತ್ತೆ ಜೋಳದ ಭಕ್ರಿ ಇಡುವ ತಮ್ಮ ಹಳೆಯ ಬುಟ್ಟಿ ಕೊಟ್ಟರು, ಇದನ್ನು ಮತ್ತೆ ಅಡುಗೆಮನೆಗೆ ತರಬೇಡಿರೆಂದು ಹೇಳಿ. ಅಡುಗೆಮನೆಯಿಂದ ಮಾಳಿಗೆಗೆ ಒಂದು ವಸ್ತು ಹೋದದ್ದು ಅದೇ ಮೊದಲು.

ದಾರಿಯಲ್ಲಿ ಚಹಾಕ್ಕೆ ನಿಂತೆವು. ಬುಟ್ಟಿಯನ್ನು ಗಾಡಿಯ ಚಳಿಯಲ್ಲಿ ಬಿಡಲು ಮನಸ್ಸಾಗದೆ ಅವಳು ತೊಡೆಯ ಮೇಲಿಟ್ಟುಕೊಂಡು ಬೆಂಚಿಗೆ ಕುಳಿತಳು. ಹೋಟೆಲಿನವನು ಬುಟ್ಟಿ ನೋಡಿ, ಬುತ್ತಿ ತಂದಿದ್ದರೆ ಇಲ್ಲಿ ಬಿಚ್ಚುವಂತಿಲ್ಲ, ಹೊರಗಿನ ಊಟ ನಮ್ಮಲ್ಲಿ ನಡೆಯುವುದಿಲ್ಲ ಎಂದ.

"ಬುತ್ತಿ ಅಲ್ರಿ ಇದು" ಎಂದಳು ಅವಳು. "ಊಟಾನ ಒಲ್ಲೆ ಅಂತದ, ಅದಕ್ಕ ಡಾಕ್ಟರ್ ಕಡಿ ಒಯ್ಯಾಕತ್ತೀವಿ."

ಅವನು ಅಯ್ಯೋ ಪಾಪ ಎಂದು ಹತ್ತಿರ ಬಂದು ಬುಟ್ಟಿಯೊಳಗೆ ಇಣುಕಿದ. ಚೀಲ ಮೆಲ್ಲಗೆ ಅಲುಗಿತು. ಏನು ಮರಿ ಎಂದು ಕೇಳಿದ. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ ನಮ್ಮ ಚಹಾ ಬಹಳ ಬೇಗ ಬಂತು, ಗ್ಲಾಸುಗಳನ್ನು ಅವನು ದೂರದ ಮೇಜಿನ ಮೇಲಿಟ್ಟು ಹೋದ. ಮೈದುನ ದುಡ್ಡು ಕೊಡಲು ಹೋದರೆ ಇರಲಿ ಬಿಡ್ರಿ ಎಂದು ಕೈ ಮುಗಿದುಬಿಟ್ಟ.

ಡಾಕ್ಟರರು ವಯಸ್ಸಾದವರು. ನಾಯಿ, ಆಕಳು ನೋಡಿ ರೂಢಿ, ಹಾವು ಅಪರೂಪ ಎಂದು ಮೊದಲೇ ಹೇಳಿದರು. ತೂಕ ಮಾಡಿದರು, ಬಾಯಿ ತೆರೆದು ನೋಡಿದರು, ಯಾರಿಗೋ ಫೋನು ಹಚ್ಚಿ ವಿಚಾರಿಸಿದರು. ತೂಕ ಅಷ್ಟೇನೂ ಇಳಿದಿಲ್ಲ, ಚಳಿಗಾಲದಲ್ಲಿ ಈ ಜಾತಿ ಉಪವಾಸ ಮಾಡುವುದುಂಟು, ಪೆಟ್ಟಿಗೆ ಬೆಚ್ಚಗಿರಲಿ ಎಂದರು. ಆಮೇಲೆ ದಿನಕ್ಕೆ ಎಷ್ಟು ಸಲ ಎತ್ತಿಕೊಳ್ಳುತ್ತೀರಿ ಎಂದು ಕೇಳಿದರು. ಮೊದಲು ಮುಂಜಾನೆ ಸಂಜೆ, ಈಗ ಚಿಂತೆಗೆ ಜಾಸ್ತಿ ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದಳು. ಹಾಗಾದರೆ ಅದು ತಾನಾಗಿ ಉಣ್ಣುವವರೆಗೆ ಮುಟ್ಟಲೇಬೇಡಿ ಎಂದರು.

ಎದ್ದು ನಿಂತವಳು ಬಾಗಿಲ ಹತ್ತಿರ ಹೋಗಿ ಮತ್ತೆ ಹೊರಳಿ, ಹಿಡಿದುಕೊಂಡರೆ ಹಾವಿಗೆ ಖುಷಿಯಾಗುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ರೂಢಿಯಾಗುತ್ತದೆ, ನಿಮ್ಮ ವಾಸನೆಗೆ ಅಂಜುವುದಿಲ್ಲ, ಅಷ್ಟು ಹೇಳಬಲ್ಲೆ ಎಂದರು. ಖುಷಿಯ ಮಾತು ತಮಗೂ ಗೊತ್ತಿಲ್ಲ, ತಮ್ಮ ಮನೆಯ ಬೆಕ್ಕಿನದೇ ಇನ್ನೂ ತಿಳಿದಿಲ್ಲ ಎಂದರು.

ಮುಟ್ಟದೇ ಇರುವುದು ಅವಳಿಗೆ ಬಹಳ ಕಷ್ಟವಾಯಿತು. ಮೊದಮೊದಲು ಗಾಜಿನ ಮುಂದೆಯೇ ಕುಳಿತಿರುತ್ತಿದ್ದಳು. ಹಾಗೆ ಎವೆಯಿಕ್ಕದೆ ನೋಡುತ್ತ ಕುಳಿತರೆ ನನಗೂ ಅನ್ನ ಇಳಿಯುವುದಿಲ್ಲ ಎಂದು ಅತ್ತೆ ಪೆಟ್ಟಿಗೆಗೆ ಅದೇ ಚಾದರ ಮುಚ್ಚಿಸಿ ಅವಳನ್ನು ಕೆಳಗೆ ಕರೆತಂದರು. ಖಾಲಿ ಕೈ ಏನು ಮಾಡಬೇಕೋ ತಿಳಿಯದೆ ಅವಳು ನಮ್ಮ ಜೊತೆ ತೊಗರಿಕಾಯಿ ಸುಲಿದಳು. ಶೇಂಗಾ ಹುರಿದಳು, ಹೊತ್ತಿಸಿದಳು. ಭಕ್ರಿ ಬಡಿಯಲು ಕಲಿತಳು. ಅವಳ ಮೊದಲ ಭಕ್ರಿಯನ್ನು ಮಾವ ಯಾವ ಕಡೆಯಿಂದ ಮುರಿಯಬೇಕೆಂದು ಕೇಳಿದರು. ಫೋನು ಬಂದರೆ ಹಿಟ್ಟಿನ ಕೈಯಲ್ಲೇ ಎತ್ತಿ ಟವೆಲ್ ಮಾರುತ್ತಿದ್ದಳು. ಅತ್ತೆ ಪಕ್ಕದಲ್ಲೇ ಕುಳಿತು ಕೇಳಿ ಕೇಳಿ, ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತೀ ಎಂದು ನಡುವೆ ಬಾಯಿ ಹಾಕುತ್ತಿದ್ದರು. ಲಗ್ನವಾಗಿ ಅಷ್ಟು ತಿಂಗಳಾದ ಮೇಲೆ ಅವಳು ಏನು ಉಣ್ಣುತ್ತಾಳೆ, ಯಾವುದಕ್ಕೆ ನಗುತ್ತಾಳೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಆಗಲೇ.

ಸಂಕ್ರಾಂತಿ ಕಳೆದು ಬಿಸಿಲು ಮೆಲ್ಲಗೆ ಖಾರವಾಗತೊಡಗಿತ್ತು. ಒಂದು ಸಂಜೆ ಅವಳು ಯಾವ ಆಸೆಯೂ ಇಲ್ಲದೆ ಇಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಚಾದರ ಮುಚ್ಚಿ ಕೆಳಗೆ ಬಂದಳು. ನಾವು ಸಾರಿಗೆ ಒಗ್ಗರಣೆ ಹಾಕಿ ಮುಗಿಸುವಷ್ಟರಲ್ಲಿ ತಡೆಯದೆ ಮತ್ತೆ ಹತ್ತಿದಳು. ಮೆಟ್ಟಿಲ ಮೇಲಿಂದ ಅವಳು "ಉಂಡಿತ್ರಿ" ಎಂದದ್ದು ಅಂಗಳಕ್ಕೆಲ್ಲ ಕೇಳಿತು. ಮಾವ ಹಿತ್ತಲಿಂದ ಎದ್ದು ಬಂದರು. ಇಲಿ ತಿಂದ ಸುದ್ದಿಗೆ ನಮ್ಮಂಥ ಮನೆಯಲ್ಲಿ ಅಷ್ಟು ಸಂತೋಷವಾಗಬಹುದೆಂದು ನಾನು ಎಣಿಸಿರಲಿಲ್ಲ. ಅತ್ತೆ ಅವತ್ತು ಸಿಹಿ ಮಾಡಿಸಿದರು. ಹಾವಿಗಾಗಿ ಅಲ್ಲ, ಗೋಧಿಹುಗ್ಗಿ ತಿನ್ನದೆ ಬಹಳ ದಿನವಾಗಿತ್ತು ಎಂದು ಹೇಳಿಕೊಂಡರು.

ಅಲ್ಲಿಂದ ಅವಳು ಹಾವನ್ನು ಎತ್ತಿಕೊಳ್ಳುವ ರೀತಿಯೇ ಬೇರೆಯಾಯಿತು. ಪೆಟ್ಟಿಗೆಯ ಬಾಗಿಲು ತೆಗೆದು ಅದರ ಅಂಚಿನ ಹತ್ತಿರ ಅಂಗೈ ಇಟ್ಟು ಸುಮ್ಮನೆ ಕೂಡುತ್ತಾಳೆ. ಒಮ್ಮೊಮ್ಮೆ ಅದು ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಬರದಿದ್ದರೆ ಬಾಗಿಲು ಹಾಕಿ ಕೆಳಗೆ ಬರುತ್ತಾಳೆ. ಬಂದು ಹೋಗುವವರ ಮುಂದೆ ತೋರಿಸುವುದು ನಿಂತಿದೆ. ಹಾವು ಬಂದ ದಿನ ಅವಳು ಅತ್ತೆಗೆ, ನೋಡ್ರಿ ತಾನೇ ಬಂತು ಎನ್ನುತ್ತಾಳೆ. ಕೈ ಬೆಚ್ಚಗಿತ್ತು, ಅದಕ್ಕೆ ಬಂತು ಎಂದು ಅತ್ತೆ. ಬೆಚ್ಚಗಿದ್ದದ್ದು ನನ್ನ ಕೈಯೇ ಅಲ್ಲವೇ ಎಂದು ಅವಳು. ಇಬ್ಬರೂ ಇನ್ನೂ ತಮ್ಮ ಹಟ ಬಿಟ್ಟಿಲ್ಲ.

ಮೊನ್ನೆ ಹೋಳಿಯ ಮುಂಚೆ ಒಂದು ಮುಂಜಾನೆ ನಾನು ಒಗೆದ ಬಟ್ಟೆ ಹಾಕಲು ಮಾಳಿಗೆಗೆ ಹೋಗಿದ್ದೆ. ಅವಳು ಬಾಗಿಲು ತೆಗೆದು ಕುಳಿತಿದ್ದಳು, ಅದು ಬಂದಿರಲಿಲ್ಲ. ನೀವು ಇಟ್ಟು ನೋಡ್ರಿ ಎಂದಳು. ಅಂಜಿಕೆ ಹೋಗಿತ್ತೆಂದಲ್ಲ, ಬೇಡವೆನ್ನಲು ನಾಚಿಕೆಯಾಯಿತು. ಬಳೆ ಹಿಂದೆ ಸರಿಸಿ, ಮುಖ ಬೇರೆ ಕಡೆ ತಿರುಗಿಸಿ ಕೈ ಇಟ್ಟೆ. ಸ್ವಲ್ಪ ಹೊತ್ತಿಗೆ ಬೆರಳ ತುದಿಗೆ ಗಾಳಿ ತಾಗಿದಂತಾಯಿತು. ಅದರ ನಾಲಿಗೆ. ಆಮೇಲೆ ಅಂಗೈ ಮೇಲೆ ಭಾರ ಬಂತು, ಮುಂಗೈ ಸುತ್ತಿ ಮೊಣಕೈಯವರೆಗೆ ಹರಿಯಿತು. ತಣ್ಣಗೆ ಒದ್ದೆಯಾಗಿರುತ್ತದೆ ಎಂದುಕೊಂಡಿದ್ದೆ. ಒಣಗಿತ್ತು, ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣುಪಾಗಿತ್ತು. ಒಳಗೆ ಮಾತ್ರ ಏನೋ ಬಲವಾದದ್ದು ಬಿಗಿಯುತ್ತ ಸಡಿಲಾಗುತ್ತ ಸಾಗುತ್ತಿತ್ತು.

"ಹೆಂಗ ಅನಸ್ತದ ಅಕ್ಕಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ನನಗ ಸೇರ್ತದ" ಎಂದೆ. "ಅದರದ್ದು ನನಗ ಗೊತ್ತಿಲ್ಲ."

ಅಷ್ಟರಲ್ಲಿ ಕೆಳಗಿಂದ ಅತ್ತೆ, ಹಿಟ್ಟು ಒಣಗುತ್ತಿದೆ, ಇಬ್ಬರೂ ಮೇಲೆ ಏನು ಮಾಡುತ್ತಿದ್ದೀರಿ ಎಂದು ಕೂಗಿದರು. ಬರುತ್ತೇನೆ, ಅದು ಇಳಿಯಲಿ ಎಂದೆ. ಯಾವುದು ಇಳಿಯಬೇಕು ಎನ್ನುತ್ತ ಅವರು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದರು. ನನ್ನ ಮೊಣಕೈ ಮೇಲೆ ತಲೆಯಿಟ್ಟು ಮಲಗಿದ ಹಾವನ್ನು ನೋಡಿ ನನ್ನ ಪಕ್ಕದಲ್ಲೇ ಕುಳಿತರು. ಎಬ್ಬಿಸಲು ಮೂವರಿಗೂ ಮನಸ್ಸಿರಲಿಲ್ಲ. ಅವತ್ತು ಮಾವನಿಗೆ ಭಕ್ರಿ ತಡವಾಗಿಯೇ ಸಿಕ್ಕಿತು.